ಮುಚ್ಚಳದ ಹಲಗೆ

ನಿಕೊಮೇದೆಸ್ ಬೆಳಿಗ್ಗೆ ಎದ್ದು ಮೊದಲು ಕೈ ಹಾಕುತ್ತಿದ್ದುದು ಒಲೆಯ ಬೂದಿಗೆ. ಬೂದಿಯೊಳಗೆ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಅವನ ಮೋಟಾರ್ ಗರಗಸದ ಪ್ಲಗ್ಗು. ನಮ್ಮ ಚೋಕೊ ಕಾಡುಸೀಮೆಯಲ್ಲಿ ಮಳೆ ಬಾರದ ದಿನವನ್ನು ಜನ ಹೆಸರಿಟ್ಟು ನೆನೆಯುತ್ತಾರೆ. ಹೊರಗಿಟ್ಟ ಉಪ್ಪು ನೀರಾಗುತ್ತದೆ, ಕಬ್ಬಿಣ ಕೆಂಪಾಗುತ್ತದೆ. ಅದಕ್ಕೇ ಅವನು ಪ್ರತಿ ಸಂಜೆ ಪ್ಲಗ್ಗನ್ನು ಬಿಚ್ಚಿ ಬೂದಿಯಲ್ಲಿ ಮಲಗಿಸುತ್ತಿದ್ದ; ಬೆಳಿಗ್ಗೆ ಊದಿ, ಅಂಗಿಯಂಚಿನಲ್ಲಿ ಒರೆಸಿ, ಮತ್ತೆ ಕೂರಿಸುತ್ತಿದ್ದ. ಕಾಫಿ ಆಮೇಲೆ.

"ಆ ಪ್ಲಗ್ಗಿಗೆ ಸಿಕ್ಕಿದ ಬಿಸಿ ನನಗೆ ಸಿಕ್ಕಿದ್ರೆ ಮನೆ ತುಂಬ ಹೆರ್ತಿದ್ದೆ ಕಣ್ರೇ," ಎಂದು ಅವನ ಹೆಂಡತಿ ಪಸ್ತೋರ ನಮ್ಮೆಲ್ಲರೆದುರು ನಗುತ್ತಿದ್ದಳು. ಅವಳು ಒಂದೂ ಹೆರಲಿಲ್ಲ.

ಪಸ್ತೋರ ಸತ್ತ ಬೆಳಿಗ್ಗೆಯೂ ಅವನು ಪ್ಲಗ್ಗನ್ನು ಊದಿ ಕೂರಿಸಿದ.

ಅವಳ ಶವಪೆಟ್ಟಿಗೆಗೆಂದು ಒಂದು ದೇವದಾರಿನ ದಿಮ್ಮಿ ಮನೆಯ ಕಂಬಗಳ ನಡುವೆ ಬಹಳ ಕಾಲದಿಂದ ಬಿದ್ದಿತ್ತು. ಅವಳೇ ಆರಿಸಿದ್ದು. "ನೀನೇ ಕೊಯ್ಯಬೇಕು. ಬೇರೆಯವರು ಕೊಯ್ದ ಹಲಗೆಯಲ್ಲಿ ನಾನು ಮಲಗೋಳಲ್ಲ," ಎಂದು ಅವನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತಿಗೆ ನಾನೂ ಸಾಕ್ಷಿ. ಈ ಊರಿನಲ್ಲಿ ಸತ್ತವರಿಗೆ ಪ್ರಾರ್ಥನೆ ಹೇಳಿಸುವವಳು ನಾನೇ ಆದ್ದರಿಂದ ಇಂಥ ಮಾತುಗಳು ನನ್ನ ಕಿವಿಗೆ ಬೀಳುತ್ತವೆ. ನಮ್ಮ ಸೆಕೆಯಲ್ಲಿ ಹೆಣ ಕಾಯುವುದಿಲ್ಲ. ಹೊತ್ತು ಮುಳುಗುವುದರೊಳಗೆ ಪೆಟ್ಟಿಗೆ ಆಗಬೇಕಿತ್ತು.

ಗರಗಸ ಹತ್ತಲಿಲ್ಲ.

ಅವನು ಹಗ್ಗ ಎಳೆದ, ಎಳೆದ. ಅಂಗಳದಲ್ಲಿ ಗಂಡಸರು ಕಬ್ಬಿನ ಸಾರಾಯಿ ಹಿಡಿದು ಕೂತಿದ್ದರು. ಸತ್ತವಳ ತಮ್ಮ ಸತುರ್ನೀನೊ ತನ್ನ ಹೊಸ ಗರಗಸವನ್ನು ಹೆಗಲ ಮೇಲೆ ಹೊತ್ತೇ ಬಂದಿದ್ದ.

"ಏನ್ ಭಾವ, ಒಂದೇ ದಿನ ಇಬ್ರು ಮುದುಕೀರೂ ಉಸಿರು ಬಿಟ್ರಲ್ಲ!"

ಗಂಡಸರು ನಕ್ಕರು. ಹೆಣವಿದ್ದ ಕೋಣೆಯವರೆಗೂ ಕೇಳುವಂತೆ ನಕ್ಕರು.

ಸತುರ್ನೀನೊನ ಹಗೆ ಹಳೆಯದು. ಹಲಗೆ ಕೊಯ್ಯುವಾಗ ದಿಮ್ಮಿಯ ಮೇಲೆ ಕರಿನೀರಿನಲ್ಲಿ ಅದ್ದಿದ ದಾರವನ್ನು ಬಿಗಿಹಿಡಿದು ಮೀಟಿ ಗೆರೆ ಎಳೆಯುತ್ತಾರೆ. ಆ ದಾರದ ಒಂದು ತುದಿ ಯಾವಾಗಲೂ ಪಸ್ತೋರಳ ಕೈಯಲ್ಲಿ. ತಮ್ಮನು ಹೊಸ ಗರಗಸ ತಂದಾಗ ದಾರ ಹಿಡಿಯಲು ಅವಳನ್ನು ಕರೆದ. ಅವಳು ಒಂದು ದಿನ ಹೋಗಿ ಬಂದು, "ಇವನ ಹಲಗೆ ನೋಡಿದ್ರೆ ಹಾವು ಹರಿದ ಹಾಗಿದೆ," ಎಂದು ಅಂಗಡಿಯ ಮುಂದೆ ಹೇಳಿಬಿಟ್ಟಳು. ಊರಿಗೆ ಊರೇ ಅವನನ್ನು ಹಾವು ಎಂದು ಕರೆಯಿತು.

ಈಗ ಹಾವು ಹೇಳಿತು: "ನಂದು ಕೊಡ್ತೀನಿ ಭಾವ. ಆದ್ರೆ ಮೊದ್ಲು ನಿನ್ನ ಆ ಮುದುಕಿ ಗರಗಸಾನ ಎಲ್ಲರೆದುರಿಗೆ ನದಿಗೆ ಎಸೀಬೇಕು."

ನಿಕೊಮೇದೆಸ್ ಪ್ಲಗ್ಗು ಬಿಚ್ಚಿ, ತಂತಿಗೆ ಸಿಕ್ಕಿಸಿ, ಲೋಹಕ್ಕೆ ಒತ್ತಿ ಹಗ್ಗ ಎಳೆದ. ನೀಲಿ ಕಿಡಿ ಹಾರಿತು. ಬೆಂಕಿಯ ತಪ್ಪಲ್ಲ. ಪ್ಲಗ್ಗಿನ ಮೂತಿಯನ್ನು ಬೆರಳಲ್ಲಿ ಒರೆಸಿದ, ಒಣಗಿತ್ತು. ಅಷ್ಟು ಎಳೆದರೂ ಒಣಗಿದೆ ಅಂದರೆ ಪೆಟ್ರೋಲು ಅಲ್ಲಿಗೆ ಬರುತ್ತಲೇ ಇಲ್ಲ. ಟ್ಯಾಂಕಿನ ಮುಚ್ಚಳ ಸಡಿಲಿಸಿ ಎಳೆದ, ಇಲ್ಲ. ತಂತಿಯ ಕೊಕ್ಕೆ ಹಾಕಿ ಒಳಗಿನ ಜಾಲರಿಯನ್ನು ಮೇಲೆತ್ತಿದ, ಅದು ಶುದ್ಧವಾಗಿತ್ತು. ಅದರ ಹಿಂದೆಯೇ ಬಂದ ಸಣ್ಣ ರಬ್ಬರ್ ನಳಿಕೆ ಅವನ ಬೆರಳ ನಡುವೆ ಒಣ ಎಲೆಯ ಹಾಗೆ ಮುರಿಯಿತು. ಬಿರುಕಿನಲ್ಲಿ ಗಾಳಿಯನ್ನಷ್ಟೇ ಹೀರುತ್ತಿತ್ತು. ಹೊಸದು ಬೇಕಾದರೆ ಕಿಬ್ದೋ ಪೇಟೆಗೆ ಹೋಗಬೇಕು, ದೋಣಿಯಲ್ಲಿ ಒಂದು ಹಗಲಿನ ದಾರಿ.

"ನದಿ ಇಲ್ಲೇ ಇದೆ ಭಾವ. ದೂರ ಏನಿಲ್ಲ."

ನಿಕೊಮೇದೆಸ್ ಎದ್ದು ಕೋಣೆಯೊಳಗೆ ಬಂದ. ನಾನು ಅವಳ ತಲೆಯ ಹತ್ತಿರ ಜಪ ಹೇಳಿಸುತ್ತಿದ್ದೆ. ಗೋಡೆಯ ಮೊಳೆಯಲ್ಲಿ ನರ್ಸು ಬಿಟ್ಟುಹೋದ ಗ್ಲೂಕೋಸ್ ಬಾಟಲಿ ಇನ್ನೂ ತೂಗುತ್ತಿತ್ತು. ಅವನು ಅದರ ನಳಿಕೆಯನ್ನು ಬೆರಳಲ್ಲಿ ಹಿಸುಕಿ ದಪ್ಪ ನೋಡಿದ. ಆಮೇಲೆ ಚಾಕು ತೆಗೆದ.

"ಅಯ್ಯೋ ಪಾಪಿ! ಅವಳ ಮೈಗೆ ಹೋದದ್ದು ಕಣೋ ಅದು!" ಎಂದು ಒಬ್ಬಳು ಚೀರಿದಳು.

"ನಂಗೊತ್ತು," ಎಂದ. ಬಾಯಿಟ್ಟು ಊದಿದ. ಉಳಿದಿದ್ದ ಹನಿಗಳು ಹಾಸಿಗೆಯ ಮೇಲೆ ಬಿದ್ದವು.

ಗರಗಸ ಹತ್ತಿತು. ಮೊದಲು ಕೆಮ್ಮಿ, ಆಮೇಲೆ ಊರೆಲ್ಲ ಕೇಳುವಂತೆ. ದಾರದ ಇನ್ನೊಂದು ತುದಿಯನ್ನು ನಾನು ಹಿಡಿದೆ. ಆ ನಳಿಕೆ ಪೆಟ್ರೋಲಿಗೆಂದು ಮಾಡಿದ್ದಲ್ಲ. ಒಂದೆರಡು ಹಲಗೆಯಾಗುವಷ್ಟರಲ್ಲಿ ಮೆತ್ತಗಾಗಿ, ಒಳಗೇ ಅಂಟಿಕೊಂಡು, ಗರಗಸದ ಉಸಿರು ಕಟ್ಟುತ್ತಿತ್ತು. ಅವನು ಹೊಸ ತುಂಡು ಕತ್ತರಿಸಿ ಹಾಕುತ್ತಿದ್ದ. ಉಳಿದ ನಳಿಕೆ ಸುರುಳಿಯಾಗಿ ದಿಮ್ಮಿಯ ಪಕ್ಕದಲ್ಲಿತ್ತು.

ತಳದ ಹಲಗೆ ಆಯಿತು. ಪಕ್ಕದವು, ತಲೆಯದು, ಕಾಲಿನದು ಆದವು. ಗಂಡಸರ ನಗು ನಿಂತಿತ್ತು. ಅದನ್ನು ಸತುರ್ನೀನೊಗೆ ತಾಳಲಾಗಲಿಲ್ಲ. ಬಗ್ಗಿ ಸುರುಳಿಯನ್ನು ಎತ್ತಿಕೊಂಡ.

"ಇದು ನಮ್ಮಕ್ಕನ ನರ. ನರ ಕಿತ್ತು ಮೆಷಿನ್ನಿಗೆ ಹಾಕ್ತೀಯೇನೋ, ಕಟುಕ?" ಎಂದವನೇ ನದಿಗೆ ಎಸೆದ. ತಡೆಯಲು ಯಾರೂ ಏಳಲಿಲ್ಲ. ನೀರು ಕೆಂಪಾಗಿ ತುಂಬಿ ಹರಿಯುತ್ತಿತ್ತು.

ಮುಚ್ಚಳದ ಹಲಗೆಗೆ ಗೆರೆ ಹೊಡೆದಾಗಿತ್ತು. ಗರಗಸ ಅದರಲ್ಲಿ ಅರ್ಧ ಅಡಿ ಹೋಗಿ ನಿಂತುಬಿಟ್ಟಿತು.

ನಿಕೊಮೇದೆಸ್ ಹಗ್ಗ ಎಳೆಯಲಿಲ್ಲ. ಮೆತ್ತಗಾಗಿದ್ದ ತುಂಡನ್ನು ಹೊರತೆಗೆದು ನೋಡಿ, ಜೇಬಿಗೆ ಹಾಕಿಕೊಂಡ. ಒಳಕೋಣೆಯಿಂದ ಆಗಲೇ ವಾಸನೆ ಬರಲು ಶುರುವಾಗಿತ್ತು. ನಾವು ಹೆಂಗಸರು ನಿಂಬೆ ಎಲೆ ಉಜ್ಜುತ್ತಿದ್ದೆವು. ಆ ವಾಸನೆ ಅಂಗಳಕ್ಕೂ ಮುಟ್ಟಿರಬೇಕು. ಸತುರ್ನೀನೊ ಮೂಗು ಮುಚ್ಚಿಕೊಂಡ, ಆಮೇಲೆ ಆ ಕೈಯಿಂದ ಇಡೀ ಮುಖವನ್ನೇ ಮುಚ್ಚಿಕೊಂಡ. ಮೂಗಿಗೆ ಬಡಿದದ್ದು ತನ್ನ ಅಕ್ಕ ಎಂಬುದು ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಎದ್ದು ಮನೆಗೆ ಓಡಿದ.

ಅವನು ತಿರುಗಿ ಬರುವಾಗ ಹೆಗಲ ಮೇಲೆ ಹಲಗೆಯಿತ್ತು. ತಾನು ಕೊಯ್ದು, ಒಣಗಿಸಿ, ಉಜ್ಜಿ ಇಟ್ಟುಕೊಂಡಿದ್ದ ಹಲಗೆ. ಸುಳ್ಳು ಹೇಳಬಾರದು, ಅದು ದಾರ ಹಿಡಿದಷ್ಟು ನೇರವಾಗಿತ್ತು.

ಅಷ್ಟರಲ್ಲಿ ನಿಕೊಮೇದೆಸ್ ಮುಚ್ಚಳಕ್ಕೆಂದು ಒಳಕೋಣೆಯ ಬಾಗಿಲನ್ನು ಕೀಲಿನಿಂದ ಬಿಚ್ಚುತ್ತಿದ್ದ. ಮದುವೆಯಾದ ವರ್ಷ ಅವನೇ ಕೊಯ್ದ ಬಾಗಿಲು. ದಾರ ಹಿಡಿದವಳು ಅವಳು.

"ಭಾವ, ಇದು ಅಳತೆಗೆ ಸರಿಹೋಗುತ್ತೆ," ಎಂದ ಸತುರ್ನೀನೊ. "ಏನೂ ಬೇಡ ನಂಗೆ. ಗರಗಸಾನೂ ಎಸೀಬೇಡ. ಅಕ್ಕನ ಮೇಲೆ ಇದನ್ನ ಹಾಕು, ಸಾಕು. ಕಾಲಿಗೆ ಬೀಳ್ತೀನಿ."

ನಿಕೊಮೇದೆಸ್ ಕೊನೆಯ ಮೊಳೆ ಕಿತ್ತು, ಬಾಗಿಲನ್ನು ಬೆನ್ನಿಗೆ ತೆಗೆದುಕೊಂಡ. ಹಲಗೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ.

"ಚೆನ್ನಾಗಿ ಕೊಯ್ದಿದ್ದೀಯ," ಎಂದ. "ತಗೊಂಡ್ಹೋಗಿ ಜೋಪಾನವಾಗಿಡು. ಮುಂದೊಂದು ದಿನ ನಿಂಗೇ ಬೇಕಾಗುತ್ತೆ."