ಬೆಕ್ಕನ್ನು ಬಿಟ್ಟು ಹೋಗುವುದಿಲ್ಲ

"ಊರಿಗೆ ವಾಪಸ್ ಹೋಗುವಾಗ ಬೆಕ್ಕನ್ನು ಇಲ್ಲೇ ಬಿಟ್ಟು ಹೋಗ್ತೀರಾ?" ಗಲ್ಫಿನ ಖಲೀಫಾ ಸಿಟಿಯ ನಮ್ಮ ಮನೆ ನೋಡಲು ಬಂದಿದ್ದ, ಅನಾಥ ಬೆಕ್ಕುಗಳನ್ನು ಸಾಕಲು ಕೊಡುವ ಸಂಸ್ಥೆಯ ಮೇಡಂ ಹಿಂದಿಯಲ್ಲಿ ಕೇಳಿದರು. ಅಂಗಡಿಯ ಬೆಕ್ಕು ಬೇಡ, ಬೀದಿಯಿಂದ ತಂದು ಸಾಕಿದ ಅನಾಥ ಬೆಕ್ಕೇ ಬೇಕೆಂದು ಮಗಳು ಹಟ ಹಿಡಿದಿದ್ದಳು. ಈ ಮೇಡಂ ಮನೆ ಒಪ್ಪಿದರೆ ಮಾತ್ರ ಬೆಕ್ಕು ಕೊಡುವುದಂತೆ. ಹೆಣ್ಣು ನೋಡಲು ಬರುವವರಿಗೆ ಮಾಡುವ ಹಾಗೆ ನಾನು ಸಜ್ಜಿಗೆ, ಗೋಳಿಬಜೆ ಮಾಡಿಟ್ಟಿದ್ದೆ. ಮೇಡಂ ಅದನ್ನು ಮುಟ್ಟದೆ ಕಿಟಕಿಯ ಬಲೆಯನ್ನು ಎಳೆದೆಳೆದು ನೋಡಿದರು.

ನಮ್ಮ ಯಜಮಾನರು ಎದೆಯ ಮೇಲೆ ಕೈಯಿಟ್ಟು, "ಛೆ ಛೆ! ಮನೆಯವರನ್ನು ಯಾರಾದ್ರೂ ಬಿಟ್ಟು ಹೋಗ್ತಾರಾ ಮೇಡಂ?" ಎಂದರು.

ನನಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ, ಕನ್ನಡದಲ್ಲೇ ಕೇಳಿದೆ. "ಹೌದಾ? ಮದುವೆಯಾಗಿ ಹತ್ತೇ ದಿನಕ್ಕೆ ನನ್ನನ್ನು ಉಡುಪಿಯಲ್ಲಿ ಬಿಟ್ಟು ಬಂದು, ಮೂರು ವರ್ಷ ವೀಸಾ ಮಾಡಿಸದೆ ಕೂತದ್ದು ಯಾರು ಮಾರಾಯ್ರೆ?"

ಮಗಳು ಅದನ್ನು ಅಷ್ಟೂ ಮೇಡಂಗೆ ಹಿಂದಿಯಲ್ಲಿ ಹೇಳಿಬಿಟ್ಟಳು. ಮೇಡಂ ನಗಲಿಲ್ಲ. ಯಜಮಾನರ ಕೈಗೆ ಪೆನ್ನು ಕೊಟ್ಟು, ಬಿಟ್ಟು ಹೋಗುವುದಿಲ್ಲವೆಂದು ಬರೆದು ಸಹಿ ಹಾಕಲು ಹೇಳಿದರು.

ಬೆಕ್ಕು ಬಂತು. ಆ ಕಾಗದದ ಪ್ರತಿಯನ್ನು ದೇವರ ಮುಂದೆ ಇಡುವಾಗ ನೋಡಿದೆ, ಬೆಕ್ಕಿನ ಹೆಸರಿನ ಕೆಳಗೆ ಯಜಮಾನರು ನನ್ನ ಹೆಸರನ್ನೂ ಬರೆದಿದ್ದರು. ಬೆಕ್ಕಿನ ಕೆಳಗಾದರೂ ಸರಿ ಕೃಷ್ಣಾ, ಬಿಟ್ಟು ಹೋಗುವುದಿಲ್ಲವೆಂಬ ಮಾತು ಬರವಣಿಗೆಯಲ್ಲಿ ಸಿಕ್ಕಿತಲ್ಲ!