ಕೀಲಿ ಯಾರ ಹತ್ತಿರ

ಮೊದಲನೇ ಗಿರಾಕಿಗಳು ಮನೆ ನೋಡಲು ಬಂದ ದಿನವೇ ಅವರ ಕಾರಿನ ಗಾಜು ಪುಡಿಪುಡಿಯಾಯಿತು. ಗಂಡ ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಹೇಗೆ ಬರುತ್ತದೆಂದು ನೋಡುತ್ತಿದ್ದರು. ಹೊರಗೆ ಧಡ್ ಎಂದಿತು. ಓಡಿ ಬಂದರೆ ಲಾರಿ ಓಡಿಸುವವನೊಬ್ಬ ಜಾಕಿನ ರಾಡು ಹಿಡಿದು ನಿಂತಿದ್ದ. ಸಿಟ್ಟಿನಲ್ಲಿ ಬೀಸುತ್ತಿದ್ದ ಎಂದರೆ ಸುಳ್ಳಾದೀತು. ಕೂಲಿಗೆ ಬಂದವನ ಹಾಗೆ ಅಚ್ಚುಕಟ್ಟಾಗಿ, ಮುಂದಿನದು ಆದಮೇಲೆ ಹಿಂದಿನದು, ಅದಾದ ಮೇಲೆ ಪಕ್ಕದವು. ಅಡ್ಡ ಹೋದ ದಲ್ಲಾಳಿ ಪಟ್ಟಿಯಕ್ಕನ ಮೊಣಕೈಗೂ ಒಂದು ಬಿತ್ತು. ಈ ಮನೆ ತಗೊಂಡವರ ಮಗ್ಗುಲು ಮುರೀತೀನಿ ಅಂತ ಹೇಳಿ ನಡೆದುಕೊಂಡು ಹೋದ. ಬಂದವರು ಮತ್ತೆ ಪಟ್ಟಿಯಕ್ಕನ ಫೋನೂ ಎತ್ತಲಿಲ್ಲ.

ಮನೆ ಆ ಲಾರಿಯವನದಲ್ಲ, ಅವನ ಹೆಂಡತಿಯದು. ಅವಳಿಗೆ ಅವಳ ತಾಯಿಯಿಂದ ಬಂದದ್ದು. ಅವಳು ದರ್ಜಿ. ಬಟ್ಟೆಯ ಮೇಲೆ ಅವಳ ಕತ್ತರಿ ಓಡುವುದನ್ನು ನೋಡಲಿಕ್ಕೇ ನೆರೆಯ ಹೆಂಗಸರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಂಥವಳು ಹನ್ನೊಂದು ವರ್ಷ ತನ್ನದೇ ಮನೆಯಲ್ಲಿ ಪೆಟ್ಟು ತಿಂದಳು. ಬೆಲ್ಟು, ಕುರ್ಚಿಯ ಕಾಲು, ಬೂಟು, ಕೈಗೆ ಸಿಕ್ಕಿದ್ದು. ಕೊನೆಗೆ ಪಕ್ಕೆಲುಬು ಎರಡು ಮುರಿದಾಗ ಕೋರ್ಟು ಕಣ್ಣು ಬಿಟ್ಟು, ಅವನು ಆ ಮನೆಗೂ ಬರಕೂಡದು, ಅವಳ ಹತ್ತಿರವೂ ಸುಳಿಯಕೂಡದು ಎಂದಿತು. ಅವನು ತನ್ನ ತಂಗಿಯ ಮನೆ ಸೇರಿದ. ಇವಳು ಮನೆಗೆ ಬೀಗ ಜಡಿದು, ಎರಡು ಬೀದಿ ಆಚೆ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಯಾರಿಗೂ ಗೊತ್ತಾಗದ ಹಾಗೆ ಹೊಲಿಯುತ್ತ ಕೂತಳು. ಅವಳ ಲೆಕ್ಕಾಚಾರ ಸರಳವಾಗಿತ್ತು: ಮನೆ ಮಾರಬೇಕು, ಅವನಿಗೆ ಸಿಗದಷ್ಟು ದೂರ ಹೋಗಬೇಕು. ಇಲ್ಲವಾದರೆ ಇವತ್ತಲ್ಲ ನಾಳೆ ಅವನ ಕೈಯಲ್ಲೇ ತನ್ನ ಜೀವ ಹೋಗುತ್ತದೆಂದು ಅವಳಿಗೆ ಖಾತ್ರಿಯಿತ್ತು.

ಗಾಜು ಒಡೆದದ್ದಕ್ಕೆ ಪೊಲೀಸರು ಅವನನ್ನು ಎಳೆದೊಯ್ದರು. ಬೆಳಗ್ಗೆ ಒಳಗೆ, ಸಂಜೆ ಹೊರಗೆ. ಹೆಂಡತಿಗೆ ಹೊಡೆಯುವವನು ಮಹಾ ಶೂರ ಎಂದು ಯಾರಾದರೂ ತಿಳಿದಿದ್ದರೆ, ಸ್ಟೇಷನ್ನಿನಲ್ಲಿ ಅವನು ಕೈ ಕಟ್ಟಿ ನಿಂತದ್ದನ್ನು ನೋಡಬೇಕಿತ್ತು, ಸ್ಕೂಲಿಗೆ ತಡವಾಗಿ ಬಂದ ಮಗುವಿಗಿಂತ ಕಡೆ.

ಪಟ್ಟಿಯಕ್ಕನ ವಿಷಯ ಹೇಳಲಿಲ್ಲ ನೋಡಿ. ಐವತ್ತೆರಡು ವಯಸ್ಸು, ಗುಂಡು ಕಲ್ಲಿನಂಥ ಮೈ, ಎದುರಾಡಿದವರ ನೀರಿಳಿಸುವ ಬಾಯಿ. ಹತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವಳು. ಆ ಕೆಲಸ ಬಿಟ್ಟು ಮನೆ ಮಾರಿಸುವ ದಲ್ಲಾಳಿ ಆದಳು. ಮಿಕ್ಕ ದಲ್ಲಾಳಿಗಳು ಬಾಯಿಗೆ ಬಂದ ರೇಟು ಹೇಳುತ್ತಿದ್ದರೆ, ಇವಳು ಸುತ್ತಲಿನ ನಾಲ್ಕು ಬೀದಿಯಲ್ಲಿ ಮಾರಾಟವಾದ ಒಂದೊಂದು ಮನೆಯನ್ನೂ ಬರೆದಿಡುತ್ತಿದ್ದಳು: ಎಷ್ಟು ಚದರಡಿ, ಕೇಳಿದ್ದೆಷ್ಟು, ಹೋದದ್ದೆಷ್ಟು, ಎಷ್ಟು ದಿನ ಹಿಡಿಯಿತು. ಅದೇ ಅವಳ ಪಟ್ಟಿ. ಸೋಮವಾರ ಸೋಮವಾರ ಹೊಸದು ಬರೆದು ಕಚೇರಿಯ ಹೊರಗಿನ ಹಲಗೆಗೆ ಅಂಟಿಸುತ್ತಿದ್ದಳು. ಮಾರದೆ ಉಳಿದ ಮನೆಗಳಿಗೆ ಕೊನೆಯಲ್ಲಿ ಇನ್ನೊಂದು ಕಾಲಮ್ಮು: ಕೀಲಿ ಯಾರ ಹತ್ತಿರ. ಇದು ಮೀಟರ್ ಕಾಲದ ಚಟ. ಬೀಗ ಹಾಕಿದ ಮನೆ ಸಿಕ್ಕರೆ ಕೀಲಿ ಯಾರ ಹತ್ತಿರವಿದೆ, ಎಷ್ಟು ಗಂಟೆಗೆ ಸಿಗುತ್ತದೆ ಎಂದು ಬರೆದುಕೊಳ್ಳದೆ ಅವಳು ಮುಂದಿನ ಮನೆಗೆ ಹೋದವಳಲ್ಲ. ಖಾಲಿ ಜಾಗ ಬಿಟ್ಟ ಪುಟ ಕಂಡರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಗಾಜು ಒಡೆದ ಸುದ್ದಿ ಹಬ್ಬಿದ್ದೇ ತಡ, ಇನ್ನೊಬ್ಬ ದಲ್ಲಾಳಿ ಪಟ್ಟಿಯಕ್ಕನ ಕಚೇರಿಗೆ ಬಂದಿದ್ದ ದರ್ಜಿಯನ್ನು ತಡೆದು, ಅರ್ಧ ಬೆಲೆಗೆ ಇವತ್ತೇ ಮುಗಿಸಿಕೊಡುತ್ತೇನೆ ಎಂದ. ಅವಳು ಒಪ್ಪಿಬಿಡುತ್ತಿದ್ದಳು. ಪಟ್ಟಿಯಕ್ಕ ಬಿಡಲಿಲ್ಲ. ಈ ಬೀದಿಯಲ್ಲಿ ಒಂದು ವರ್ಷದಲ್ಲಿ ಆರು ಮನೆ ಹೋಗಿವೆ, ಒಂದೂ ಅರ್ಧ ಬೆಲೆಗೆ ಹೋಗಿಲ್ಲ, ಸಾಮಾನ್ಯವಾಗಿ ನಲವತ್ತು ದಿನ ಸಾಕು, ನೀನು ಯಾಕಮ್ಮ ಹೆದರಿ ಕೊಡುತ್ತೀಯ ಎಂದು ಪಟ್ಟಿ ಮುಂದಿಟ್ಟಳು. ದರ್ಜಿ ಪಟ್ಟಿಯನ್ನು ನಂಬಿದಳು.

ನಲವತ್ತು ದಿನ ಹೋಗಿ ತೊಂಬತ್ತಾಯಿತು. ಎರಡನೇ ಗಿರಾಕಿ ಬರುವ ದಿನ ಲಾರಿಯವನು ಕಿಟಕಿಯಿಂದ ಮನೆಯೊಳಗೆ ಸುಟ್ಟ ಎಂಜಿನ್ ಆಯಿಲ್ ಸುರಿದ. ಮೂರನೆಯವನ ಕೊರಳಪಟ್ಟಿ ಹಿಡಿದು ಗೇಟಿಗೆ ಮುಖ ಉಜ್ಜಿದ. ಆ ಮನುಷ್ಯ ಮೂಗಿನಿಂದ ರಕ್ತ ಸುರಿಸಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಪ್ರತಿ ಸಲವೂ ಸ್ಟೇಷನ್ನು, ಪ್ರತಿ ಸಲವೂ ಸಂಜೆಗೆ ಬಿಡುಗಡೆ. ಪಟ್ಟಿಯಕ್ಕ ಗಿರಾಕಿ ಹುಡುಕುವುದನ್ನು ಬಿಡಲಿಲ್ಲ. ಈಗ ಅದು ಬರೀ ದರ್ಜಿಯ ಮನೆಯಾಗಿರಲಿಲ್ಲ, ಅವಳ ಪಟ್ಟಿಯ ಮರ್ಯಾದೆಯಾಗಿತ್ತು.

ನೂರಾ ಮೂವತ್ತನೇ ದಿನ ಒಬ್ಬಳು ನರ್ಸ್ ಬಂದಳು. ಮಲಗುವ ಕೋಣೆಯ ಬಾಗಿಲಿನ ಕೆಳಭಾಗದಲ್ಲಿ ತಗ್ಗುಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿ, ಒಳಗಿನಿಂದ ಯಾರೋ ಚಿಲಕ ಹಾಕಿಕೊಂಡಿದ್ದರು, ಹೊರಗಿನಿಂದ ಯಾರೋ ಒದ್ದಿದ್ದಾರೆ ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಪಟ್ಟಿಯಕ್ಕ ಎಲ್ಲವನ್ನೂ ಹೇಳಿದಳು. ನರ್ಸ್ ಚೌಕಾಸಿ ಮಾಡಲಿಲ್ಲ. ಬೀದಿಯ ರೇಟು ಎಷ್ಟಿದೆಯೋ ಅಷ್ಟೇ ಕೊಡುತ್ತೇನೆ, ಗುರುವಾರ ರಿಜಿಸ್ಟರ್ ಆಗಲಿ, ಅಷ್ಟರಲ್ಲಿ ನನ್ನ ಮೇಸ್ತ್ರಿ ಒಮ್ಮೆ ಬಂದು ಗೋಡೆ ನೋಡಲಿ ಎಂದಳು.

ಆ ಸೋಮವಾರ ಪಟ್ಟಿಯಕ್ಕ ಹಾಡು ಗುನುಗುತ್ತ ಪಟ್ಟಿ ಬರೆದಳು. ದರ್ಜಿಯ ಮನೆಯ ಮುಂದೆ ದಪ್ಪ ಅಕ್ಷರದಲ್ಲಿ 'ಮಾತಾಗಿದೆ, ಗುರುವಾರ ರಿಜಿಸ್ಟರ್' ಎಂದು ಬರೆದಳು. ಮೇಸ್ತ್ರಿಗೆ ಬೇಕಾಗುತ್ತದಲ್ಲ ಎಂದು ಕೊನೆಯ ಕಾಲಮ್ಮಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ತುಂಬಿದಳು: 'ಮಾಲಕಿಯ ಹತ್ತಿರ, ಪ್ರೆಸ್ ಮೇಲಿನ ಕೋಣೆ, ಹತ್ತು ಗಂಟೆ ಮೇಲೆ.' ಇಷ್ಟು ದಿನ ಕೀಲಿ ಅವಳ ಮೇಜಿನ ಡ್ರಾದಲ್ಲೇ ಇತ್ತು. ಸಾಮಾನು ಕಟ್ಟಲಿಕ್ಕೆಂದು ದರ್ಜಿ ಹಿಂದಿನ ದಿನ ಒಯ್ದಿದ್ದಳು. ಕೈ ಬರೆಯಿತು, ತಲೆ ಜೊತೆಗಿರಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಲಾರಿಯವನು ಹಲಗೆಯ ಮುಂದೆ ಬಂದು ನಿಂತ. ಪಟ್ಟಿಯಕ್ಕ ಒಳಗಿನಿಂದಲೇ ನೋಡಿದಳು. ನೋಡಲಿ, ಉರಿದುಕೊಳ್ಳಲಿ ಎಂದುಕೊಂಡಳು. ಅವನು 'ಮಾತಾಗಿದೆ' ಎಂಬುದನ್ನು ಓದುತ್ತಿದ್ದಾನೆ ಎಂಬ ಖುಷಿಗೆ ಕಾಫಿ ಇನ್ನೊಂದು ಗುಟುಕು ಜಾಸ್ತಿಯೇ ಇಳಿಯಿತು. ಅವನು ತುಂಬ ಹೊತ್ತು ಓದಿದ. ಆಮೇಲೆ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದ:

"ಅಕ್ಕ, ಇದ್ರಲ್ಲಿ ಬರ್ದಿರೋದೆಲ್ಲ ನಿಜಾನಾ?"

"ನನ್ನ ಪಟ್ಟಿ ಯಾವತ್ತೂ ಸುಳ್ಳು ಹೇಳಿಲ್ಲ ಕಣಪ್ಪ," ಎಂದಳು ಪಟ್ಟಿಯಕ್ಕ. "ಬೇಕಾದ್ರೆ ಇನ್ನೊಂದ್ಸಲ ಓದ್ಕೋ."

ಅವನು ತಲೆಯಾಡಿಸಿ ಹೋದ. ಒದರಲಿಲ್ಲ, ಏನನ್ನೂ ಒಡೆಯಲಿಲ್ಲ. ಅದೇ ಅವಳಿಗೆ ಸರಿ ಕಾಣಲಿಲ್ಲ. ಲೋಟ ತೊಳೆದಿಟ್ಟು ಹೊರಗೆ ಬಂದು ಹಲಗೆ ನೋಡಿದಳು. ಅವನ ಬೆರಳಿನ ಗ್ರೀಸು ಕಾಗದಕ್ಕೆ ಹತ್ತಿತ್ತು. ಬೆಲೆಯ ಮೇಲಲ್ಲ, ಕೊನೆಯ ಕಾಲಮ್ಮಿನ ಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳು ಆಡಿಯೂ ಇದ್ದಳು, ಬರೆದೂ ಇದ್ದಳು.

ಅವಳು ಚಪ್ಪಲಿ ಬಿಟ್ಟು ಓಡಿದಳು. ಕೆಳಗೆ ಪ್ರೆಸ್ಸಿನ ಯಂತ್ರಗಳು ಗಡಗಡ ಎನ್ನುತ್ತಿದ್ದವು, ಮೇಲೆ ಕೊಲೆಯಾದರೂ ಯಾರಿಗೂ ಕೇಳುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಬಾಗಿಲು ಕೀಲು ಕಿತ್ತು ಒಳಗೆ ಬಿದ್ದಿತ್ತು. ದರ್ಜಿ ನೆಲದ ಮೇಲಿದ್ದಳು. ಲಾರಿಯವನು ಅವಳ ಎದೆಯ ಮೇಲೆ ಮಂಡಿಯೂರಿ, ಅವಳ ಬಲಗೈಯನ್ನು ಬಟ್ಟೆ ಕತ್ತರಿಸುವ ಹಲಗೆಗೆ ಒತ್ತಿಹಿಡಿದು, ಕಬ್ಬಿಣದ ಇಸ್ತ್ರಿ ಪೆಟ್ಟಿಗೆಯಿಂದ ಜಜ್ಜುತ್ತಿದ್ದ. ಪೆಟ್ಟಿಗೆ ಇನ್ನೂ ಬಿಸಿಯಿತ್ತು. ಸುಟ್ಟ ಚರ್ಮದ ವಾಸನೆ ಕೋಣೆ ತುಂಬಿತ್ತು.

"ಈ ಕೈಯಲ್ಲೇ ತಾನೇ ಗುರುವಾರ ಸೈನ್ ಹಾಕೋದು," ಎನ್ನುತ್ತಿದ್ದ. "ಹಾಕು. ಅಕ್ಕನ ಪಟ್ಟೀಲಿ ಓದ್ಕೊಂಡೇ ಬಂದಿದೀನಿ, ಹಾಕು."

ಪಟ್ಟಿಯಕ್ಕ ಅವನ ಬೆನ್ನಿನ ಮೇಲೆ ಬಿದ್ದಳು. ಅವನು ಮೊಣಕೈ ಬೀಸಿದ. ಅವಳ ಮುಂದಿನ ಎರಡು ಹಲ್ಲು ಹೋದವು, ತಲೆ ಗೋಡೆಗೆ ಬಡಿಯಿತು. ಬಿದ್ದಲ್ಲೇ ಕೈಗೆ ದರ್ಜಿಯ ದೊಡ್ಡ ಕತ್ತರಿ ಸಿಕ್ಕಿತು. ಯೋಚಿಸಲಿಲ್ಲ, ಅವನ ತೊಡೆಗೆ ಹಿಡಿಯವರೆಗೂ ಚುಚ್ಚಿದಳು. ಕಿತ್ತು ಇನ್ನೊಮ್ಮೆ ಚುಚ್ಚಿದಳು. ಆಗ ಅವನು ಕಿರುಚಿದ ಕಿರುಚಾಟ ಯಂತ್ರದ ಸದ್ದನ್ನೂ ಮೀರಿ ಕೇಳಿಸಿತು. ಪ್ರೆಸ್ಸಿನವರು ಮೇಲೆ ಬಂದು ಮೂವರು ಸೇರಿ ಅವನನ್ನು ಕೆಡವಿಕೊಂಡರು. ಈ ಸಲ ಸಂಜೆಗೆ ಅವನನ್ನು ಯಾರೂ ಬಿಡಲಿಲ್ಲ.

ದರ್ಜಿಯ ಬಲಗೈಯ ಮೂರು ಬೆರಳು ತೆಗೆದರು. ಉಳಿದೆರಡರಲ್ಲಿ ಕತ್ತರಿ ಹಿಡಿಯಲಾಗದು ಎಂದರು ಡಾಕ್ಟರು. ಗುರುವಾರ ಆಗಬೇಕಿದ್ದ ರಿಜಿಸ್ಟರ್ ಮೂರು ವಾರ ತಡವಾಗಿ ಆಯಿತು. ದರ್ಜಿ ಎಡಗೈ ಹೆಬ್ಬೆಟ್ಟು ಒತ್ತಿದಳು. ನರ್ಸ್ ಒಪ್ಪಿದ ಬೆಲೆಯನ್ನೇ ಕೊಟ್ಟಳು. ಪಟ್ಟಿಯಕ್ಕ ಹೇಳಿದ ಬೆಲೆ ಸರಿಯಾಗಿಯೇ ಇತ್ತು.

ರಿಜಿಸ್ಟರ್ ಕಚೇರಿಯ ಹೊರಗೆ ಬಾಡಿಗೆ ಕಾರು ನಿಂತಿತ್ತು, ಒಂದು ಸೂಟ್‌ಕೇಸು, ಒಂದು ಬ್ಯಾಗು. ಹೊಲಿಗೆ ಯಂತ್ರವನ್ನು ದರ್ಜಿ ಯಾರಿಗೋ ಕೊಟ್ಟುಬಿಟ್ಟಿದ್ದಳು. ಪಟ್ಟಿಯಕ್ಕ ಬೊಚ್ಚು ಬಾಯಿಯಲ್ಲಿ, ಎಲ್ಲ ತನ್ನಿಂದಲೇ ಆದದ್ದು, ತನ್ನ ಕೈಯೇ ಮುರಿದುಹೋಗಿದ್ದರೆ ಚೆನ್ನಾಗಿತ್ತು ಎಂದು ಏನೇನೋ ತೊದಲಿದಳು. ದರ್ಜಿಯ ಜೀವ ಉಳಿಸಿದ್ದೂ ಈ ಹೆಂಗಸೇ, ಅದನ್ನೂ ಅವಳು ಮರೆತಿರಲಿಲ್ಲ. ಎಡಗೈಯಲ್ಲಿ ಪಟ್ಟಿಯಕ್ಕನ ಭುಜ ಮುಟ್ಟಿ ಕಾರು ಹತ್ತಿದಳು.

"ಯಾವ ಊರಿಗೆ ಹೋಗ್ತಿದೀಯಮ್ಮ?" ಪಟ್ಟಿಯಕ್ಕನ ಬಾಯಿಂದ ತಾನಾಗಿ ಬಂದುಬಿಟ್ಟಿತು.

ದರ್ಜಿ ಅವಳನ್ನೇ ನೋಡಿದಳು. "ನಿಮಗೆ ಹೇಳಲ್ಲ ಅಕ್ಕ," ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಬೇಡ," ಎಂದಳು ಪಟ್ಟಿಯಕ್ಕ. "ನಾನು ಕಾಲಿಗೆ ಬಿದ್ದು ಕೇಳಿದ್ರೂ ಹೇಳ್ಬೇಡ."

ಕಾರು ಹೊರಟಿತು. ಅದು ಯಾವ ಕಡೆ ತಿರುಗುತ್ತದೆಂದು ಕಾಣಬಾರದೆಂದು ಅವಳು ಗೋಡೆಯ ಕಡೆ ಮುಖ ಮಾಡಿ, ಸದ್ದು ಪೂರ್ತಿ ಅಡಗುವವರೆಗೆ ಹಾಗೇ ನಿಂತಿದ್ದಳು.