ಐದನೆಯ ತೂತು

ಅವನನ್ನು ಎಲ್ಲರೂ ಸ್ಪ್ರಿಂಗ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಟೈರ್ ಅಂಗಡಿಯ ಹಿಂದಿನ ಓಣಿಯಲ್ಲಿ ತಗಡಿನ ಸೂರಿನ ಗ್ಯಾರೇಜು. ಮೂರು ಗಾಡಿ ನಿಂತರೆ ನಾಲ್ಕನೆಯದರ ಮೂತಿ ರಸ್ತೆಯಲ್ಲಿ. ಲಾರಿಗಳ ಪಟ್ಟಿ ಸ್ಪ್ರಿಂಗು ಕಟ್ಟುವುದರಿಂದ ಶುರುವಾದ ಅವನ ಕೈ, ಐವತ್ತು ದಾಟುವಷ್ಟರಲ್ಲಿ ಕಾಡುಮೇಡು ಸುತ್ತುವವರ ಜೀಪುಗಳನ್ನು ಎತ್ತರಿಸುವುದರಲ್ಲಿ ಪಳಗಿಬಿಟ್ಟಿತ್ತು. ಅವನು ಸಜ್ಜು ಮಾಡಿ ಕಳಿಸಿದ ಗಾಡಿಗಳು ಮರಳುಗಾಡು ದಾಟಿ, ಹಿಮದ ಕಣಿವೆ ಹತ್ತಿಳಿದು ಬಂದಿದ್ದವು. ಅವನು ಮಾತ್ರ ಅವನ್ನು ಪರೀಕ್ಷೆಗೆಂದು ಓಡಿಸಿದ್ದು ರೈಲ್ವೆ ಗೇಟಿನ ತನಕ, ಅಷ್ಟೆ.

ಕಣ್ಣಿನ ಡಾಕ್ಟರು ತಮ್ಮ ಗಾಡಿ ತಂದು ನಿಲ್ಲಿಸಿದ ದಿನ ಓಣಿಯವರೆಲ್ಲ ಬಂದು ನೋಡಿದರು. ಅಂಥ ಗಾಡಿ ಕೊಂಡವರು ಬೆರಳೆಣಿಕೆಯಷ್ಟು ಜನ. ಚರ್ಮದ ಸೀಟು, ಮರದ ಮೆರುಗಿನ ಡ್ಯಾಶ್‌ಬೋರ್ಡು, ನಾಲ್ಕೂ ಚಕ್ರಕ್ಕೆ ಎಳೆಯುವ ಶಕ್ತಿ. ಆದರೆ ಮದುವೆ ಮನೆಗೆ ಹೊರಟವರ ಸೆರಗಿನ ಹಾಗೆ ನೆಲಕ್ಕೆ ತಾಗುವಷ್ಟು ತಗ್ಗಿನ ಮೈ.

"ಇದಕ್ಕೆ ಉಕ್ಕಿನ ಬಂಪರ್ ಸಿಗಲ್ಲ, ಎತ್ತರದ ಸ್ಪ್ರಿಂಗ್ ಸಿಗಲ್ಲ, ಮೇಲಿನ ಕ್ಯಾರಿಯರ್ರೂ ಸಿಗಲ್ಲ," ಎಂದರು ಡಾಕ್ಟರು. "ಮೂರು ಕಡೆ ಕೇಳ್ದೆ. ಒಬ್ಬ ನಕ್ಕ, ಇನ್ನೊಬ್ಬ ಬೇರೆ ಗಾಡಿ ತಗೊಳ್ಳಿ ಅಂದ, ಮತ್ತೊಬ್ಬ ಫೋನೇ ಎತ್ತಲಿಲ್ಲ."

ಮೇಸ್ತ್ರಿ ಗಾಡಿಯ ಕೆಳಗೆ ತೂರಿ ಕಾಲು ಗಂಟೆ ಹೊರಗೆ ಬರಲಿಲ್ಲ. ಬಂದವನೇ ಬೆನ್ನಿನ ಧೂಳು ಕೊಡವುತ್ತ, "ಸಿಗದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ ಡಾಕ್ಟ್ರೇ. ನಾವೇ ಮಾಡೋಣ," ಎಂದ.

ಹದಿನಾಲ್ಕು ತಿಂಗಳು ಹಿಡಿಯಿತು. ಆ ಗಾಡಿ ಗಾಳಿ ತುಂಬಿದ ಚೀಲಗಳ ಮೇಲೆ ಕೂತಿತ್ತು. ಕಲ್ಲುದಾರಿಯಲ್ಲಿ ಚೀಲ ಹರಿದರೆ ಕಥೆ ಮುಗಿದಂತೆ. ಮೇಸ್ತ್ರಿ ಅವನ್ನು ಕಿತ್ತು, ಬೇರೊಂದು ಗಾಡಿಯ ಸುರುಳಿ ಸ್ಪ್ರಿಂಗನ್ನು ಮೂರು ಸಲ ಅಳೆದು, ಎರಡು ಸಲ ಬದಲಿಸಿ ಕೂರಿಸಿದ. ಕೂರಿಸಿದ್ದೇ ತಡ, ಗಾಡಿಯ ಕಂಪ್ಯೂಟರ್ ಮುನಿಸಿಕೊಂಡಿತು. ಚೀಲಗಳೆಲ್ಲಿ ಎಂದು ಹುಡುಕಿ, ಸಿಗದೆ, ಕೆಂಪು ದೀಪ ಹಚ್ಚಿ, ಮೊದಲನೆಯ ಗೇರಿನಿಂದ ಮೇಲಕ್ಕೆ ಬಿಡಲೊಲ್ಲೆ ಎಂದಿತು. ಆರು ವಾರ ಅದರ ಹಿಂದೆ ಬಿದ್ದು, ಕೊನೆಗೆ ಬೆರಳುದ್ದದ ಪುಟ್ಟ ಪೆಟ್ಟಿಗೆಯೊಂದನ್ನು ತಾನೇ ಜೋಡಿಸಿ, ಚೀಲಗಳು ಇದ್ದಲ್ಲೇ ಇವೆ ಎಂದು ಕಂಪ್ಯೂಟರನ್ನು ನಂಬಿಸಿದ. ಬಂಪರು, ಕ್ಯಾರಿಯರು, ಹೊಟ್ಟೆಯಡಿಯ ಉಕ್ಕಿನ ತಟ್ಟೆ, ಎಲ್ಲಕ್ಕೂ ಮೊದಲು ಫ್ರಿಜ್ಜಿನ ಖಾಲಿ ಪೆಟ್ಟಿಗೆಗಳ ರಟ್ಟಿನಲ್ಲಿ ಅಚ್ಚು ಕತ್ತರಿಸಿದ. ಒಂದೊಂದು ಅಚ್ಚಿನ ಮೇಲೂ ಪೆನ್ಸಿಲ್ಲಿನಲ್ಲಿ ಅಳತೆ.

ಡಾಕ್ಟರು ಭಾನುವಾರ ತಪ್ಪದೆ ಬರುತ್ತಿದ್ದರು. ಟೈರಿನ ಮೇಲೆ ಕೂತು, ಇದೇನು, ಅದೇಕೆ ಎಂದು ಕೇಳುತ್ತಿದ್ದರು. ಮೇಸ್ತ್ರಿಗೆ ಜೀವನದಲ್ಲಿ ಯಾರೂ ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಕೈಯೂ ಬಾಯಿಯೂ ಒಟ್ಟಿಗೆ ಓಡುತ್ತಿದ್ದವು. ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ಕಳಿಸಿದ ಡಬ್ಬಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು.

ಅಂಥದೊಂದು ಊಟದ ಹೊತ್ತಿನಲ್ಲೇ ಡಾಕ್ಟರು ಬಾನೆಟ್ಟಿನ ಮೇಲೆ ನಕ್ಷೆ ಹರಡಿದ್ದು. ಬಯಲುಸೀಮೆ ದಾಟಿ, ಎತ್ತರದ ಕಣಿವೆ ಹತ್ತಿ, ಅದರಾಚೆಯ ಉಪ್ಪುನೀರಿನ ಸರೋವರದ ತನಕ ಇಪ್ಪತ್ತು ದಿನದ ದಾರಿ.

"ಪಕ್ಕದ ಸೀಟು ನಿಮ್ದು ಮೇಸ್ತ್ರಿ. ನೀವಿಲ್ದೆ ಈ ಗಾಡಿ ಊರಾಚೆ ಹೋಗಲ್ಲ."

"ನಾನ್ಯಾಕೆ ಡಾಕ್ಟ್ರೇ? ಗ್ಯಾರೇಜು..."

"ಗ್ಯಾರೇಜು ಎಲ್ಲೂ ಓಡಿಹೋಗಲ್ಲ. ಗಾಡಿ ಕಟ್ಟಿದವರಿಗೆ ಅದು ಏನು ಮಾಡುತ್ತೆ ಅಂತ ನೋಡೋ ಹಕ್ಕಿಲ್ವಾ?"

ಆ ಸಂಜೆ ಮನೆಗೆ ಬಂದ ಮೇಸ್ತ್ರಿ ಚಪ್ಪಲಿ ಕೂಡ ಬಿಡದೆ ಹೆಂಡತಿಗೆ ಸುದ್ದಿ ಹೇಳಿದ. ಅವಳು ಟೈಲರು. "ಅಯ್ಯೋ, ಅಲ್ಲಿ ಚಳಿ ಇರುತ್ತಲ್ರೀ," ಎಂದು ಮಾರನೆಯ ದಿನವೇ ದಪ್ಪ ಬಟ್ಟೆ ತಂದು, ಒಳಗೆ ಉಣ್ಣೆಯ ಅಸ್ತರಿ ಕೊಟ್ಟು ಅವನಿಗೊಂದು ಕೋಟು ಹೊಲಿದಳು. ಡಾಕ್ಟರಿಗೂ ಒಂದು ಹೊಲಿದು ಕಳಿಸಿದಳು. ಟೈರ್ ಅಂಗಡಿಯವನು ಮೇಸ್ತ್ರಿಯನ್ನು "ಏನಪ್ಪಾ ಸರೋವರ, ಯಾವಾಗ ಪಯಣ?" ಎಂದು ಛೇಡಿಸತೊಡಗಿದ. ಮೇಸ್ತ್ರಿ ನಾಚಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದ.

ಗಾಡಿ ಮುಗಿದು ಡಾಕ್ಟರ ಮನೆ ಸೇರಿತು. ಹೊರಡುವ ದಿನ ಮಾತ್ರ ಮುಂದಕ್ಕೆ ಮುಂದಕ್ಕೆ ಹೋಯಿತು.

"ಮುಂದಿನ ತಿಂಗಳು ಖಂಡಿತ," ಎಂದರು ಡಾಕ್ಟರು. "ಆಪರೇಷನ್‌ಗಳು ಸಾಲಾಗಿ ಕೂತಿವೆ. ಅಂದ ಹಾಗೆ, ನಿಮ್ಮ ರಟ್ಟಿನ ಅಚ್ಚುಗಳನ್ನ ಎರಡು ದಿನ ಕೊಡ್ತೀರಾ? ಫೋಟೋ ತೆಗೆದಿಡ್ತೀನಿ. ಇಷ್ಟು ಚೆಂದದ ಕೆಲಸ ಎಲ್ಲಾದ್ರೂ ದಾಖಲಾಗಿರ್ಬೇಕು."

ಮೇಸ್ತ್ರಿ ಅಚ್ಚುಗಳನ್ನು ಕಟ್ಟು ಕಟ್ಟಿ ತಾನೇ ಕ್ಲಿನಿಕ್ಕಿಗೆ ಕೊಟ್ಟು ಬಂದ. ಎರಡು ದಿನದ ಬದಲು ಎರಡು ವಾರಕ್ಕೆ ಅವು ವಾಪಸು ಬಂದವು, ಹೊಸ ಪ್ಲಾಸ್ಟಿಕ್ ಹಾಳೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಕೊಂಡು. ಅದನ್ನು ಕಂಡು ಅವನ ಕಣ್ಣು ತುಂಬಿ ಬಂದಿತ್ತು. ತನ್ನ ರಟ್ಟಿಗೆ ಇಷ್ಟು ಮರ್ಯಾದೆ!

ಮೂರು ತಿಂಗಳ ಬಳಿಕ, ಅದೇ ಮಾದರಿಯ ಗಾಡಿ ಓಡಿಸಿಕೊಂಡು ಕಾಲೇಜಿನ ಮೇಡಂ ಒಬ್ಬರು ಬಂದರು. ಹಿಂದಿನ ಸೀಟು ಮಡಚಿ, ಉದ್ದನೆಯ ಪೆಟ್ಟಿಗೆಯೊಂದನ್ನು ತುರುಕಿಕೊಂಡಿದ್ದರು.

"ಬಂಪರ್ ತರಿಸಿದ್ದೀನಿ, ಕೂರಿಸಿ ಕೊಡ್ತೀರಾ? ಈ ಗಾಡಿಗೆ ಕೊನೆಗೂ ಒಂದು ಕಂಪನಿಯವರು ಸಾಮಾನು ಮಾಡಿದ್ದಾರೆ."

ಮೇಸ್ತ್ರಿ ಕುತೂಹಲದಿಂದಲೇ ಪೆಟ್ಟಿಗೆ ಬಿಚ್ಚಿದ. ಕಪ್ಪು ಬಣ್ಣ ಹೊಡೆದ ಉಕ್ಕು, ಮೇಲೆ ಮಿರಮಿರ ಮಿಂಚುವ ಕಂಪನಿ ಗುರುತು. ತಿರುಗಿಸಿ ಬೆನ್ನು ನೋಡಿದ. ಚಾಸಿಗೆ ಬೋಲ್ಟ್ ಹಾಕಲು ಎಡಕ್ಕೆ ನಾಲ್ಕು ತೂತು. ಬಲಕ್ಕೆ ಐದು.

ಆ ಐದನೆಯದಕ್ಕೆ ಯಾವ ಕೆಲಸವೂ ಇಲ್ಲ. ಹೋದ ವರ್ಷ ಅಚ್ಚು ಮಾಡುವಾಗ ಒಂದು ಬೆರಳಿನಷ್ಟು ಆಚೆಗೆ ಕೊರೆದುಬಿಟ್ಟು, ತಪ್ಪು ತಿಳಿದ ಮೇಲೆ ಪಕ್ಕದಲ್ಲೇ ಸರಿಯಾಗಿ ಕೊರೆದಿದ್ದ. ಒಳಗಡೆ ತಾನೇ, ಯಾರು ನೋಡುತ್ತಾರೆ ಎಂದು ರಟ್ಟಿನಲ್ಲಿ ತಪ್ಪನ್ನು ಹಾಗೆಯೇ ಉಳಿಸಿದ್ದ. ಈಗ ಯಾರೋ ಅದನ್ನೂ ಬಿಡದೆ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಉಕ್ಕಿನಲ್ಲಿ ಇಳಿಸಿದ್ದರು.

"ಯಾರು ಮಾಡ್ತಿರೋದು ಮೇಡಂ ಇದನ್ನ?"

"ಹೈವೇ ಪಕ್ಕ ದೊಡ್ಡ ಶೋರೂಮ್ ಇದೆಯಲ್ಲ, ಅವರು. ಕಣ್ಣಿನ ಡಾಕ್ಟರೊಬ್ಬರು ಪಾಲುದಾರರಂತೆ, ಅವರೇ ಡಿಸೈನ್ ಮಾಡಿದ್ದು. ಮೊನ್ನೆ ಮಂಗಳವಾರ ಅವರೂ ಶೋರೂಮ್ ಓನರ್ರೂ ಸರೋವರಕ್ಕೆ ಹೊರಟರು. ದಿನಾ ವಿಡಿಯೋ ಹಾಕ್ತಿದ್ದಾರೆ, ನೋಡಿಲ್ವಾ?"

ಅವರು ಫೋನ್ ಹಿಡಿದು ತೋರಿಸಿದರು. ಬಯಲಿನಲ್ಲಿ ಧೂಳೆಬ್ಬಿಸಿಕೊಂಡು ಅವನ ಗಾಡಿ ಓಡುತ್ತಿತ್ತು. ಮುಂದಿನ ತುಣುಕಿನಲ್ಲಿ, ಬೆಳಗಿನ ಚಳಿಯಲ್ಲಿ, ಡಾಕ್ಟರು ನಿಂತ ಗಾಡಿಯ ಬಾಗಿಲಿಗೆ ಒರಗಿ, ಆ ಸ್ಪ್ರಿಂಗನ್ನೇ ಯಾಕೆ ಆರಿಸಿದೆ ಎಂದು ವಿವರಿಸುತ್ತಿದ್ದರು. ಮಾತೆಲ್ಲ ಮೇಸ್ತ್ರಿಯದೇ. "ಗಾಡಿ ಹೇಳಿದ್ದನ್ನ ನಾವು ಕೇಳ್ಬೇಕು" ಎಂಬ ಅವನ ಹಳೆಯ ಮಾತು ಕೂಡ ಅಲ್ಲಿತ್ತು. ಪಕ್ಕದಲ್ಲಿದ್ದ ಶೋರೂಮಿನವನು ಉಣ್ಣೆಯ ಅಸ್ತರಿಯ ಕೋಟು ತೊಟ್ಟಿದ್ದ. ಹೆಂಡತಿ ಡಾಕ್ಟರಿಗೆಂದು ಹೊಲಿದ ಕೋಟು.

ಮೇಸ್ತ್ರಿ ಸ್ಪ್ಯಾನರ್ ಕೈಗೆತ್ತಿಕೊಂಡ. ಬಂಪರನ್ನು ಕೂರಿಸಿದ. ಮೇಡಂ ಐದನೆಯ ತೂತನ್ನು ತೋರಿಸಿ ಇದಕ್ಕೆ ಬೋಲ್ಟ್ ಬೇಡವೇ ಎಂದಾಗ, "ಅದು ಹೆಚ್ಚಾಗಿ ಬಿದ್ದಿದೆ," ಎಂದು ವೆಲ್ಡಿಂಗ್ ಮಾಡಿ ಮುಚ್ಚಿ, ಉಜ್ಜಿ, ಬಣ್ಣ ಬಳಿದ.

ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅಚ್ಚು ಹೋಗ್ಲಿ, ಅದೇನೋ ವ್ಯಾಪಾರ ಅನ್ಕೊಳ್ಳೋಣ," ಎಂದಳು. "ಕರ್ಕೊಂಡು ಹೋಗ್ತೀನಿ ಅಂತ ಯಾಕ್ರೀ ಹೇಳ್ಬೇಕಿತ್ತು? ನೀವೇನು ಕೇಳಿದ್ರಾ?"

ಹೌದು, ತಾನು ಕೇಳಿರಲೇ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾಗ ಫೋನ್ ಬಂತು. ಪರದೆಯ ಮೇಲೆ ಡಾಕ್ಟರು.

"ಎತ್ತಬೇಡಿ," ಎಂದಳು ಹೆಂಡತಿ.

ಎತ್ತಿದ. ಆ ಕಡೆ ಗಾಳಿ ಭೋರ್ಗರೆಯುತ್ತಿತ್ತು.

"ಮೇಸ್ತ್ರಿ, ಕಣಿವೆಯಲ್ಲಿದ್ದೀವಿ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಲಾರಿಯವರಿಂದ ಕರೆಂಟ್ ತಗೊಂಡು ಸ್ಟಾರ್ಟ್ ಮಾಡಿದ್ವಿ. ಈಗ ಗಾಡಿ ಮೊದಲನೇ ಗೇರ್ ಬಿಟ್ಟು ಮೇಲೆ ಹೋಗ್ತಿಲ್ಲ. ಹಿಮ ಬೀಳೋ ಹಾಗಿದೆ."

ಮೇಸ್ತ್ರಿ ಗೋಡೆಗೆ ಒರಗಿದ. ಕರೆಂಟು ಪೂರ್ತಿ ಹೋದರೆ ಕಂಪ್ಯೂಟರು ಮತ್ತೆ ಚೀಲ ಹುಡುಕಲು ಶುರುಮಾಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ಮದ್ದು ಗೊತ್ತಿದ್ದವನೂ ಅವನೊಬ್ಬನೇ. ಅದನ್ನು ದಾರಿಯಲ್ಲಿ, ಪಕ್ಕದ ಸೀಟಿನಲ್ಲಿ ಕೂತು ತೋರಿಸಿಕೊಡಬೇಕೆಂದಿದ್ದ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಷ್ಟು ಹೊತ್ತು ಸುಮ್ಮನಿದ್ದನೂ ಕೂಡ, ಆ ಕಡೆಯಿಂದ "ಹಲೋ, ಹಲೋ" ಎಂಬ ದನಿ ಎರಡು ಸಲ ಏರುವಷ್ಟು.

"ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ," ಎಂದ ಕೊನೆಗೆ. "ಸಣ್ಣ ಪೆಟ್ಟಿಗೆ ಸಿಗುತ್ತೆ. ಹಳದಿ ವೈರಿನ ಪ್ಲಗ್ ಕಿತ್ತು, ನೂರು ಎಣಿಸಿ, ಮತ್ತೆ ಚುಚ್ಚಿ. ಆಮೇಲೆ ಸ್ಟಾರ್ಟ್ ಮಾಡಿ."

ಅವನು ಫೋನ್ ಇಡದೆ ಕಾದ. ಎಂಜಿನ್ ಗುರುಗುಟ್ಟಿ, ಗೇರು ಒಂದೊಂದಾಗಿ ಏರುವುದು ಕೇಳಿಸಿತು.

"ದೇವರು ಕಣ್ರೀ ನೀವು!" ಎಂದರು ಡಾಕ್ಟರು. ಮೇಸ್ತ್ರಿ ಫೋನ್ ಇಟ್ಟ.

ಅದಾದ ಮೂರನೆಯ ವಾರ ಊರಿಗೆ ಮರಳಿದ ಡಾಕ್ಟರು ಗ್ಯಾರೇಜಿಗೆ ಬಂದರು. ಕೈಯಲ್ಲಿ ಸಿಹಿಯ ಪೆಟ್ಟಿಗೆ. ಅಭ್ಯಾಸಬಲದಿಂದ ಟೈರಿನ ಮೇಲೆ ಕೂರಲು ಹೋಗಿ, ಮೇಸ್ತ್ರಿಯ ಮುಖ ನೋಡಿ ನಿಂತೇ ಇದ್ದರು.

"ನಿಮ್ಮ ಹೆಸರು ಹಾಕಿ ಅಂತಾನೇ ಹೇಳ್ದೆ ಮೇಸ್ತ್ರಿ. ಶೋರೂಮಿನವರು, ಓಣಿ ಗ್ಯಾರೇಜಿನ ಹೆಸರಿಗೆ ಜನ ಬರಲ್ಲ ಅಂದ್ರು. ಅವರ ಓನರ್‌ಗೂ ಸರೋವರಕ್ಕೆ ಬರಬೇಕು ಅಂತಿತ್ತು, ಹಿಂದೆಲ್ಲ ಸಾಮಾನು, ಸೀಟು ಒಂದೇ..."

"ವ್ಯಾಪಾರಕ್ಕೆ ಅಂತಾನೇ ಅಚ್ಚು ಕೇಳಿದ್ರೂ ಕೊಡ್ತಿದ್ದೆ ಡಾಕ್ಟ್ರೇ. ಡಿಸೈನ್ ನಿಮ್ದೇ ಅಂತ ಹೇಳ್ಕೊಳ್ತೀನಿ ಅಂದಿದ್ರೂ ಹೂಂ ಅಂತಿದ್ದೆನೋ ಏನೋ," ಎಂದ ಮೇಸ್ತ್ರಿ, ಕೈಯೊರೆಸುತ್ತ. "ನೀವು ಭಾನುವಾರ ಭಾನುವಾರ ಬಂದು ಕೂತ್ರಲ್ಲ, ಅದ್ರಲ್ಲಿ ಯಾವುದು ನಿಜ ಅಂತ ಮಾತ್ರ ಈಗ ಗೊತ್ತಾಗ್ತಿಲ್ಲ."

ಡಾಕ್ಟರು ಕೈಯಲ್ಲಿದ್ದುದನ್ನು ಬೆಂಚಿನ ಮೇಲಿಟ್ಟರು. ಮೇಸ್ತ್ರಿ ಆಗಲೇ ಜೀಪೊಂದರ ಕೆಳಗೆ ತೂರಿದ್ದ. ಸಿಹಿಯ ಪೆಟ್ಟಿಗೆ ಸಂಜೆಯ ತನಕ ಬೆಂಚಿನ ಮೇಲಿತ್ತು. ಆಮೇಲೆ ಟೈರ್ ಅಂಗಡಿಯವನು ಕೇಳಿ ತೆಗೆದುಕೊಂಡು ಹೋದ.

ಆ ಮಾದರಿಯ ಗಾಡಿ ಇಟ್ಟುಕೊಂಡವರು ಈಗಲೂ ಒಬ್ಬೊಬ್ಬರಾಗಿ ಬರುತ್ತಾರೆ. ಶೋರೂಮಿನವರಿಗೆ ಕಂಪ್ಯೂಟರಿನ ಮುನಿಸು ಬಿಡಿಸಲು ಬಂದಿಲ್ಲ. ಮೇಸ್ತ್ರಿ ಬಿಡಿಸಿ ಕೊಡುತ್ತಾನೆ. ಕೆಲಸದಲ್ಲಿ ಒಂದಿಷ್ಟೂ ಕೊರತೆ ಮಾಡುವುದಿಲ್ಲ. ಆದರೆ ಮೇಡಂ ಮುಂದಿನ ಸಲ ಬಂದಾಗ, ಸೀಟಿನಡಿಯ ಪುಟ್ಟ ಪೆಟ್ಟಿಗೆಯನ್ನು ಬಗ್ಗಿ ನೋಡುತ್ತ, "ಇದು ಹೇಗೆ ಕೆಲಸ ಮಾಡುತ್ತೆ?" ಎಂದು ಆಸೆಯಿಂದಲೇ ಕೇಳಿದರು. ಮೇಸ್ತ್ರಿಯ ನಾಲಗೆಯ ತುದಿಗೆ ಉತ್ತರ ಬಂದಿತ್ತು. ಅವನು ಒಂದು ಕ್ಷಣ ಅವರ ಮುಖವನ್ನೇ ನೋಡಿದ.

"ನೀವು ಆಚೆ ಕೂತಿರಿ ಮೇಡಂ," ಎಂದ. "ಮುಗಿದ ಮೇಲೆ ಕರೀತೀನಿ."